ನೋವಿಗೆ ಅರ್ಥವುಂಟೇ?

ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ. 1858ರಲ್ಲಿ ಫ್ರಾನ್ಸ್ ದೇಶದ ಲೂರ್ದ್ ಎಂಬ ಊರಿನ ಗವಿಯೊಂದರಲ್ಲಿ, ಸೌದೆ ಆರಿಸಲು ಹೋಗಿದ್ದ ಬೆರ್ನದೆತ್ ಎಂಬ ಬಡ ಬಾಲಕಿಗೆ ಮಾತೆ ಮರಿಯಮ್ಮನವರು ಮೊದಲ ಸಲ ದರ್ಶನವಿತ್ತ ದಿನವದು. ಜಗದ್ಗುರು ಎರಡನೆಯ ಜಾನ್ ಪೌಲರು 1992ರಲ್ಲಿ ಈ ದಿನವನ್ನೇ ವಿಶ್ವ ರೋಗಿಗಳ ದಿನವೆಂದು ಗೊತ್ತುಪಡಿಸಿದರು. 1993ರಿಂದ ಧರ್ಮಸಭೆ ಅದನ್ನು ವರ್ಷವರ್ಷವೂ ಆಚರಿಸುತ್ತ ಬಂದಿದೆ. ಮಲೆನಾಡಿನ ನಮ್ಮ ಪುಟ್ಟ ಧರ್ಮಕೇಂದ್ರದಲ್ಲಿಯೂ ಆ ದಿನ ರೋಗಿಗಳಿಗಾಗಿ ಬಲಿಪೂಜೆ ನಡೆಯುತ್ತದೆ. ಕೆಲವರು ಊರುಗೋಲು ಊರಿಕೊಂಡು, ಕೆಲವರು ಮಕ್ಕಳ ತೋಳನ್ನು ಆಶ್ರಯಿಸಿ, ಒಬ್ಬಿಬ್ಬರು ಕುರ್ಚಿಯ ಸಮೇತ ಎತ್ತಿಸಿಕೊಂಡು ದೇವಾಲಯಕ್ಕೆ ಬರುತ್ತಾರೆ. ಹಣೆಗೂ ಅಂಗೈಗಳಿಗೂ ಪವಿತ್ರ ತೈಲ ಹಚ್ಚಿಸಿಕೊಂಡು ಸಮಾಧಾನದಿಂದ ಹಿಂತಿರುಗುತ್ತಾರೆ.

ಒಮ್ಮೆ ಆ ಪೂಜೆ ಮುಗಿದು ನಾವು ಪೂಜಾವಸ್ತ್ರಗಳನ್ನು ಕಳಚುತ್ತಿದ್ದಾಗ ಮಧ್ಯವಯಸ್ಸಿನ ಒಬ್ಬರು ಬಾಗಿಲ ಬಳಿ ಬಂದು ನಿಂತರು. ಅವರ ಪತ್ನಿ ಪಾರ್ಶ್ವವಾಯುವಿನಿಂದ ಮೂರು ವರ್ಷಗಳಿಂದ ಹಾಸಿಗೆ ಹಿಡಿದವರು. ಎತ್ತುವುದು, ಮಲಗಿಸುವುದು, ಸ್ನಾನ ಮಾಡಿಸುವುದು, ಉಣಿಸುವುದು ಎಲ್ಲವೂ ಇವರ ಪಾಲಿನ ಕೆಲಸ. ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ತಲೆ ತಗ್ಗಿಸಿಯೇ ಕೇಳಿದರು: "ಫಾದರ್, ನಾವು ಅಂಥಾ ಪಾಪ ಏನು ಮಾಡಿದ್ದೆವು? ಅವಳು ಒಂದು ದಿನವೂ ಜಪಸರ ತಪ್ಪಿಸಿದವಳಲ್ಲ."

ಓದುಗ ಬಂಧುಗಳೇ, ಈ ಪ್ರಶ್ನೆಯನ್ನು ನಿಮ್ಮಲ್ಲಿ ಅನೇಕರು ಬಾಯಿಬಿಟ್ಟು ಕೇಳಿರಬಹುದು. ಕೇಳಲು ಅಂಜಿ ಮನಸ್ಸಿನಲ್ಲಿಯೇ ಇಟ್ಟುಕೊಂಡವರು ಇನ್ನೂ ಹೆಚ್ಚು. ದೇವರು ಪ್ರೀತಿಮಯನಾದರೆ ಈ ನೋವೇಕೆ? ಆತ ಸರ್ವಶಕ್ತನಾದರೆ ತಡೆಯಲಿಲ್ಲವೇಕೆ? ಇದಕ್ಕೆ ನಮ್ಮಲ್ಲಿ ಸಿದ್ಧ ಉತ್ತರವೊಂದಿದೆ ಎಂದು ಹೇಳಿಕೊಳ್ಳಲು ಈ ಲೇಖನವನ್ನು ಬರೆಯುತ್ತಿಲ್ಲ. ಒಂದು ಕಾಲದಲ್ಲಿ ನಮ್ಮಲ್ಲಿ ಬಹಳ ಉತ್ತರಗಳಿದ್ದವು. ಅವು ನಮ್ಮ ಕೈಯಿಂದ ಜಾರಿಹೋದ ಬಗೆಯನ್ನೇ ಮೊದಲು ಹೇಳುವುದು ಉಚಿತ.

ತಟ್ಟೆ ಎಲ್ಲಿಡಲಿ?

ಸುಮಾರು ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ಗುರುದೀಕ್ಷೆಯ ತೈಲ ಕೈಯಲ್ಲಿನ್ನೂ ಆರಿರಲಿಲ್ಲ ಎನ್ನುವಂಥ ದಿನಗಳು. ಸೆಮಿನರಿಯಲ್ಲಿ ತತ್ವಶಾಸ್ತ್ರವನ್ನು ಆಸೆಪಟ್ಟು ಓದಿದ್ದ ನಮಗೆ ಕೇಡಿನ ಸಮಸ್ಯೆಯ ಕುರಿತು ಯಾವ ಪಂಡಿತ ಏನೆಂದನೆಂಬುದು ಕಂಠಪಾಠವಾಗಿತ್ತು. ಆ ಮಳೆಗಾಲದಲ್ಲಿ ಕಾಫಿ ತೋಟದ ಅಂಚಿನ ಮನೆಯೊಂದರ ಎಂಟು ವರ್ಷದ ಹುಡುಗ ಹಳ್ಳ ದಾಟುವಾಗ ಕಾಲು ಜಾರಿ ನೀರುಪಾಲಾದ. ಶವಸಂಸ್ಕಾರದ ಮರುದಿನ ನಾವು ಆ ಮನೆಗೆ ಹೋದೆವು. ಜಗಲಿಯಲ್ಲಿ ಕುಳಿತು ಅರ್ಧ ಗಂಟೆ ಮಾತನಾಡಿದೆವು. ಕೇಡೆಂಬುದು ದೇವರ ಸೃಷ್ಟಿಯಲ್ಲ, ಒಳಿತಿನ ಅಭಾವ ಎಂದು ಸಂತ ಅಗಸ್ಟೀನರು ಬೋಧಿಸಿದ್ದನ್ನು ಸರಳವಾಗಿ ವಿವರಿಸಿದೆವು. ದೇವರು ಕೇಡಿನಿಂದಲೂ ಒಳಿತನ್ನು ಹೊರತೆಗೆಯಬಲ್ಲನೆಂದೆವು. ಮಗು ಈಗ ಸ್ವರ್ಗದ ದೂತರ ಜೊತೆಗಿದ್ದಾನೆಂದೆವು.

ತಾಯಿ ಎಲ್ಲವನ್ನೂ ಕೇಳಿಸಿಕೊಂಡಳು. ಅನಂತರ ಎದ್ದು ಒಳಗೆ ಹೋಗಿ ಒಂದು ಸಣ್ಣ ಸ್ಟೀಲ್ ತಟ್ಟೆಯನ್ನು ತಂದು ನಮ್ಮ ಮುಂದೆ ಹಿಡಿದಳು. "ನೀವು ಹೇಳಿದ್ದೆಲ್ಲ ಸರಿ ಇರಬಹುದು ಫಾದರ್. ಇದು ಅವನು ಉಣ್ಣುತ್ತಿದ್ದ ತಟ್ಟೆ. ಇದನ್ನು ನಾನು ಎಲ್ಲಿಡಲಿ?"

ನಮ್ಮ ನಾಲಿಗೆ ಕಟ್ಟಿಹೋಯಿತು. ಆ ತಟ್ಟೆಯನ್ನು ಎಲ್ಲಿಡಬೇಕೆಂದು ನಾವು ಓದಿದ ಯಾವ ಗ್ರಂಥವೂ ತಿಳಿಸಿರಲಿಲ್ಲ.

ಸ್ವಲ್ಪ ಹೊತ್ತಿಗೆ ನಮ್ಮ ಧರ್ಮಕೇಂದ್ರದ ವೃದ್ಧ ಉಪದೇಶಿಯವರು ಬಂದರು. ಐದನೆಯ ತರಗತಿಯ ಆಚೆಗೆ ಓದಿದವರಲ್ಲ. ಒಂದು ಮಾತನ್ನೂ ಆಡದೆ ಹುಡುಗನ ತಂದೆಯ ಪಕ್ಕದಲ್ಲಿ ಕುಳಿತರು. ಬಹಳ ಹೊತ್ತಿನ ಮೇಲೆ ಎದ್ದು ಹಿತ್ತಲಿಗೆ ಹೋಗಿ, ಒದ್ದೆಯಾಗಿದ್ದ ಸೌದೆಯಲ್ಲಿ ಒಣಗಿದ್ದನ್ನು ಆರಿಸಿ ಸೀಳಿ, ಒಲೆ ಹೊತ್ತಿಸಿ ಗಂಜಿಗೆ ನೀರಿಟ್ಟರು. ಎರಡು ದಿನಗಳಿಂದ ಆ ಮನೆಯ ಒಲೆ ಉರಿದಿರಲಿಲ್ಲ. ಅದು ನಮ್ಮ ಗಮನಕ್ಕೆ ಬಂದಿರಲಿಲ್ಲ, ಅವರ ಗಮನಕ್ಕೆ ಬಂದಿತ್ತು. ನೋವಿನ ಕುರಿತು ನಾವು ಕಲಿತ ಮೊದಲ ನಿಜವಾದ ಪಾಠ ಅದು.

ಪಾಪದ ಫಲವೇ?

ನೊಂದವರ ಮನೆಗೆ ಹೋದಾಗ ನಮ್ಮ ಜನ ಆಡುವ ಮಾತುಗಳು ಒಂದೆರಡಲ್ಲ. "ಹಣೆಬರಹ", "ದೇವರು ಪರೀಕ್ಷೆ ಮಾಡುತ್ತಿದ್ದಾನೆ", "ಯಾರ ಶಾಪವೋ", "ಹರಕೆ ತೀರಿಸಲಿಲ್ಲವೇನೋ". ಕ್ರೈಸ್ತ ಕುಟುಂಬಗಳಲ್ಲಿಯೂ ಇವು ಸಲೀಸಾಗಿ ಕೇಳಿಬರುತ್ತವೆ. ಇವುಗಳಲ್ಲಿ ಅತಿ ಕ್ರೂರವಾದುದು ನೋವೆಲ್ಲವೂ ಪಾಪದ ಶಿಕ್ಷೆ ಎಂಬುದು. ಈಗಾಗಲೇ ಗಾಯಗೊಂಡವನ ಮೇಲೆ ಅದು ಅಪರಾಧದ ಹೊರೆಯನ್ನೂ ಹೇರುತ್ತದೆ.

ಪ್ರಭು ಯೇಸು ಈ ಮಾತನ್ನು ನಿರಾಕರಿಸಿದ್ದಾರೆ. ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು, ಪಾಪ ಮಾಡಿದವನು ಇವನೋ ಇವನ ತಂದೆತಾಯಿಗಳೋ ಎಂದು ಕೇಳಿದಾಗ, ಎರಡೂ ಅಲ್ಲವೆಂದರು. ಅಷ್ಟಕ್ಕೇ ಬಿಡದೆ ಆತನ ಕಣ್ಣು ತೆರೆಸಿದರು. ಸಿಲೊವಾಮಿನ ಗೋಪುರ ಕುಸಿದು 18 ಮಂದಿ ಸತ್ತಾಗಲೂ ಅಷ್ಟೇ: ಸತ್ತವರು ಜೆರುಸಲೇಮಿನ ಉಳಿದವರಿಗಿಂತ ಪಾಪಿಷ್ಠರೆಂದು ಎಣಿಸಬೇಡಿ ಎಂದು ಎಚ್ಚರಿಸಿದರು. ನಮ್ಮ ತಪ್ಪುಗಳಿಗೆ ಕೆಲವೊಮ್ಮೆ ಕಹಿ ಫಲ ಉಂಟೆಂಬುದು ದಿಟ. ಅತಿಯಾಗಿ ಕುಡಿದವನ ಯಕೃತ್ತು ಕೆಟ್ಟರೆ ಅದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಆದರೆ ಪರರ ಹಾಸಿಗೆಯ ಪಕ್ಕದಲ್ಲಿ ನಿಂತು ಅವರ ಪಾಪದ ಲೆಕ್ಕ ಹಾಕುವ ಅಧಿಕಾರವನ್ನು ಶುಭಸಂದೇಶ ಯಾರಿಗೂ ಕೊಟ್ಟಿಲ್ಲ.

ಹಳೆಯ ಒಡಂಬಡಿಕೆಯ ಯೋಬನ ಗ್ರಂಥವನ್ನು ಮನೆಯಲ್ಲಿ ಒಮ್ಮೆ ಪೂರ್ತಿಯಾಗಿ ಓದಿರಿ. ಆಸ್ತಿ, ಮಕ್ಕಳು, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಯೋಬನನ್ನು ಕಾಣಲು ಮೂವರು ಗೆಳೆಯರು ಬರುತ್ತಾರೆ. ಏಳು ದಿನ, ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಮೌನವಾಗಿ ಕುಳಿತಿರುತ್ತಾರೆ. ಅಲ್ಲಿಯ ತನಕ ಅವರು ಉತ್ತಮ ಗೆಳೆಯರೇ. ಬಾಯಿ ತೆರೆದೊಡನೆ ಕೆಟ್ಟರು. ದೇವರ ಪರವಾಗಿ ವಾದಿಸುತ್ತಿದ್ದೇವೆಂದು ತಿಳಿದು, ನೀನು ಪಾಪಿಯೇ ಆಗಿರಬೇಕೆಂದು ಯೋಬನ ಮೇಲೆ ಹರಿಹಾಯ್ದರು. ಯೋಬನಾದರೋ ದೇವರೊಡನೆಯೇ ಜಗಳಕ್ಕೆ ನಿಂತ. ಗ್ರಂಥದ ಕೊನೆಯಲ್ಲಿ ದೇವರು ಕೋಪಿಸಿಕೊಂಡದ್ದು ಯಾರ ಮೇಲೆ? ವಕಾಲತ್ತು ವಹಿಸಿದ ಗೆಳೆಯರ ಮೇಲೆ. ತನ್ನ ವಿಷಯವಾಗಿ ಸರಿಯಾಗಿ ಮಾತನಾಡಿದವನು ಯೋಬನೇ ಎಂದು ತೀರ್ಪಿತ್ತ. ಕಣ್ಣೀರಿಟ್ಟು ದೇವರನ್ನು ಪ್ರಶ್ನಿಸುವುದು ಅವಿಶ್ವಾಸವಲ್ಲ. ಅದೂ ಪ್ರಾರ್ಥನೆಯೇ.

ಸಮಸ್ಯೆಯೂ ರಹಸ್ಯವೂ

ಹಾಗಾದರೆ ತತ್ವಶಾಸ್ತ್ರ ನಿರರ್ಥಕವೇ? ಅಲ್ಲ. ಕೇಡು ದೇವರಿಂದ ಹುಟ್ಟಿದ್ದಲ್ಲ ಎಂಬ ಅಗಸ್ಟೀನರ ಬೋಧನೆ ಇಂದಿಗೂ ನಮ್ಮ ವಿಶ್ವಾಸಕ್ಕೆ ಬೇಲಿಯಾಗಿ ನಿಂತಿದೆ. ಆದರೆ ಬೇಲಿ ಬೆಳೆಯಲ್ಲ. ಇರಬಹುದಾದ ಲೋಕಗಳಲ್ಲೆಲ್ಲ ಇದೇ ಉತ್ತಮ ಲೋಕವೆಂದು ಜರ್ಮನಿಯ ತತ್ವಜ್ಞಾನಿ ಲೈಬ್ನಿಜ್ 1710ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಾದಿಸಿದ್ದ. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಗ್ಗೆ, ಜನರು ದೇವಾಲಯಗಳಲ್ಲಿ ಸೇರಿದ್ದಾಗಲೇ ಪೋರ್ಚುಗಲ್ಲಿನ ಲಿಸ್ಬನ್ ನಗರ ಭೂಕಂಪದಿಂದ ನೆಲಸಮವಾಯಿತು. ಅಳಿದುಳಿದುದನ್ನು ಕಡಲಿನ ಅಲೆಗಳೂ ಬೆಂಕಿಯೂ ತಿಂದವು. ಸಾವಿರ ಸಾವಿರ ಜನ ಸತ್ತರು. ಎಲ್ಲವೂ ಒಳ್ಳೆಯದಕ್ಕೇ ಎನ್ನುವವರನ್ನು ಫ್ರಾನ್ಸಿನ ವೋಲ್ಟೇರ್ ಆಗ ಕಟುವಾಗಿ ಟೀಕಿಸಿದ. ವೋಲ್ಟೇರನ ಇತರ ಅಭಿಪ್ರಾಯಗಳನ್ನು ನಾವು ಒಪ್ಪದಿರಬಹುದು. ಆದರೆ ಆ ಅವಶೇಷಗಳ ನಡುವೆ ನಿಂತು ಇದೇ ಉತ್ತಮ ಲೋಕವೆನ್ನಲು ಯಾವ ಗುರುವಿಗೆ ಬಾಯಿ ಬಂದೀತು?

ಈ ಬಿಕ್ಕಟ್ಟಿನಲ್ಲಿ ನಮಗೆ ದಾರಿ ತೋರಿದವರು 1889ರಲ್ಲಿ ಜನಿಸಿ 1973ರಲ್ಲಿ ತೀರಿಕೊಂಡ ಫ್ರಾನ್ಸಿನ ಕಥೋಲಿಕ ತತ್ವಜ್ಞಾನಿ ಗಾಬ್ರಿಯೆಲ್ ಮಾರ್ಸೆಲ್. ಮೊದಲ ಮಹಾಯುದ್ಧದ ಕಾಲದಲ್ಲಿ ಅವರು ರೆಡ್ ಕ್ರಾಸ್ ಸಂಸ್ಥೆಯಲ್ಲಿ, ರಣರಂಗದಲ್ಲಿ ಕಾಣೆಯಾದ ಸೈನಿಕರ ಸುದ್ದಿ ಹುಡುಕುವ ಕೆಲಸದಲ್ಲಿದ್ದರು. ಒಬ್ಬೊಬ್ಬ ಸೈನಿಕನಿಗೂ ಒಂದೊಂದು ಕಾರ್ಡು. ಆದರೆ ಎದುರಿಗೆ ಬಂದು ಕುಳಿತು ಕೇಳುತ್ತಿದ್ದವರು ಹೆತ್ತವರು, ಹೆಂಡತಿಯರು. ಕಾರ್ಡಿನಲ್ಲಿರುವ ಹೆಸರಿಗೂ ಎದುರಿಗಿರುವ ಮುಖಕ್ಕೂ ಎಷ್ಟೊಂದು ಅಂತರ! ಮುಂದೆ ಅವರು ಸಮಸ್ಯೆ ಮತ್ತು ರಹಸ್ಯ ಎಂಬ ಎರಡನ್ನು ಬೇರ್ಪಡಿಸಿ ನೋಡಿದರು. ಸಮಸ್ಯೆಯೆಂಬುದು ನಮ್ಮ ಹೊರಗಿರುತ್ತದೆ. ಕೆಟ್ಟ ಪಂಪ್‌ಸೆಟ್ಟನ್ನು ಬಿಚ್ಚಿ ದೋಷವನ್ನು ಹುಡುಕುವಂತೆ ಅದನ್ನು ಬಿಡಿಸಬಹುದು. ರಹಸ್ಯದಲ್ಲಿಯಾದರೋ ನಾವೇ ಸೇರಿಕೊಂಡಿದ್ದೇವೆ. ಅದರ ಹೊರಗೆ ನಿಂತು ಬಿಡಿಸಲು ಬಾರದು. ನೋವು ಅಂಥದ್ದು. ನಾವು ಆ ಜಗಲಿಯಲ್ಲಿ ಮಾಡಿದ ತಪ್ಪು ಇದೇ: ತಾಯಿಯೊಬ್ಬಳ ಒಡಲ ಸಂಕಟವನ್ನು ಸಮಸ್ಯೆಯೆಂದು ಎಣಿಸಿ ಬಿಡಿಸಲು ಹೊರಟಿದ್ದೆವು.

ಶಿಲುಬೆಯ ಉತ್ತರ

ಪ್ರಭು ಯೇಸು ನೋವಿನ ಕುರಿತು ಪ್ರಬಂಧವನ್ನು ಬೋಧಿಸಲಿಲ್ಲ. ರೋಗಿಯನ್ನು ಕಂಡಲ್ಲೆಲ್ಲ ಗುಣಪಡಿಸಿದರು. ಲಾಜರನನ್ನು ಎಬ್ಬಿಸಲಿದ್ದೇನೆಂದು ತಿಳಿದಿದ್ದರೂ ಅವನ ಸಮಾಧಿಯ ಬಳಿ ಅತ್ತರು. ಗೆತ್ಸೆಮನೆ ತೋಪಿನಲ್ಲಿ ಆ ಪಾತ್ರೆಯನ್ನು ತೊಲಗಿಸೆಂದು ತಂದೆಯನ್ನು ಬೇಡಿದರು. ನೋವನ್ನು ಬೇಡವೆನ್ನುವುದು ಪಾಪವಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕೇ? ಶಿಲುಬೆಯ ಮೇಲೆ, ತನ್ನನ್ನು ಕೈಬಿಟ್ಟದ್ದೇಕೆಂದು ಕೂಗಿ ಕೇಳಿದರು. ಆ ಕೂಗಿಗೆ ಆಕಾಶದಿಂದ ಮಾತಿನ ಉತ್ತರ ಬರಲಿಲ್ಲ. ಬಂದದ್ದು ಮೂರನೆಯ ದಿನದ ಬೆಳಗು. ಆ ಬೆಳಗಿನಲ್ಲಿಯೂ ಗಾಯಗಳು ಅಳಿಸಿರಲಿಲ್ಲ. ಪುನರುತ್ಥಾನರಾದ ಪ್ರಭುವನ್ನು ತೋಮನು ಗುರುತಿಸಿದ್ದು ಗಾಯಗಳಿಂದಲೇ.

"ಏಕೆ?" ಎಂಬ ಪ್ರಶ್ನೆಗೆ ಕ್ರೈಸ್ತ ವಿಶ್ವಾಸ ಕೊಡುವುದು ಕಾರಣವನ್ನಲ್ಲ, ಜೊತೆಯನ್ನು. ನೀನು ಇಳಿದ ಯಾವ ಕತ್ತಲೆಗೂ ದೇವರು ನಿನಗಿಂತ ಮೊದಲು ಇಳಿದಿದ್ದಾನೆ ಎಂಬ ಭರವಸೆಯದು. ಹಾಗೆ ಜೊತೆ ಸಿಕ್ಕಮೇಲೆ ಇನ್ನೊಂದು ಪ್ರಶ್ನೆ ನಿಧಾನವಾಗಿ ತಲೆಯೆತ್ತುತ್ತದೆ: ಈ ನೋವನ್ನು ನಾನು ಏನು ಮಾಡಲಿ, ಯಾರಿಗಾಗಿ ಸವೆಸಲಿ? ನೋವಿಗೆ ಅರ್ಥವೆಂಬುದು ಇದ್ದರೆ ಅದು ಹುಟ್ಟುವುದು ಅಲ್ಲಿ.

ಇದನ್ನು ಬಾಳಿ ತೋರಿಸಿದವರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಒಬ್ಬರು. 1986ರ ಫೆಬ್ರವರಿ 6ರಂದು ಅವರು ಮಂಗಳೂರಿಗೆ ಬಂದಾಗ ನಾವಿನ್ನೂ ಹೈಸ್ಕೂಲು ವಿದ್ಯಾರ್ಥಿ. ಊರವರೊಡನೆ ಬಸ್ಸಿನಲ್ಲಿ ಹೋಗಿ, ಜನಸಾಗರದ ಅಂಚಿನಲ್ಲಿ ನಿಂತು, ದೂರದಲ್ಲಿ ಒಂದು ಬಿಳಿಯ ನಿಲುವಂಗಿಯನ್ನಷ್ಟೇ ಕಂಡೆವು. ಆ ನಿಲುವಂಗಿಯ ಒಳಗಿದ್ದ ನೋವಿನ ಕಥೆ ಆಗ ನಮಗೆ ತಿಳಿದಿರಲಿಲ್ಲ. ಪೋಲೆಂಡಿನಲ್ಲಿ 1920ರಲ್ಲಿ ಹುಟ್ಟಿದ ಅವರು ಒಂಬತ್ತು ತುಂಬುವ ಮುನ್ನವೇ ತಾಯಿಯನ್ನು ಕಳೆದುಕೊಂಡರು. 1932ರಲ್ಲಿ, ವೈದ್ಯನಾಗಿದ್ದ ಅಣ್ಣ ತಾನು ಆರೈಕೆ ಮಾಡುತ್ತಿದ್ದ ರೋಗಿಯಿಂದಲೇ ಸೋಂಕು ತಗಲಿ ತೀರಿಕೊಂಡ. 1941ರಲ್ಲಿ, ಯುದ್ಧದ ನಡುವೆ, ತಂದೆಯೂ ಹೋದರು. ಇಪ್ಪತ್ತರ ಹರೆಯದಲ್ಲಿ ತನ್ನವರೆನ್ನುವವರು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. 1981ರ ಮೇ 13ರಂದು ಸಂತ ಪೇತ್ರರ ಚೌಕದಲ್ಲಿ ಗುಂಡೇಟು ತಿಂದು ಸಾವಿನಂಚಿಗೆ ಹೋಗಿ ಮರಳಿದರು. 1983ರ ಡಿಸೆಂಬರ್ 27ರಂದು ರೋಮಿನ ಸೆರೆಮನೆಗೆ ತಾವೇ ಹೋಗಿ, ಗುಂಡು ಹಾರಿಸಿದವನ ಪಕ್ಕದಲ್ಲಿ ಕುಳಿತು ಮಾತನಾಡಿದರು.

ಆಮೇಲೆ ಎರಡು ತಿಂಗಳೂ ತುಂಬಿರಲಿಲ್ಲ. 1984ರ ಫೆಬ್ರವರಿ 11ರಂದು, ಮಾನವನ ನೋವಿನ ಕ್ರೈಸ್ತ ಅರ್ಥದ ಕುರಿತು "ಸಾಲ್ವಿಫಿಚಿ ದೊಲೋರಿಸ್" ಎಂಬ ಪ್ರೇಷಿತ ಪತ್ರವನ್ನು ಹೊರಡಿಸಿದರು. ಕ್ರಿಸ್ತರ ಯಾತನೆಯಲ್ಲಿ ಉಳಿದಿರುವುದನ್ನು ತನ್ನ ದೇಹದಲ್ಲಿ ಪೂರೈಸುತ್ತಿದ್ದೇನೆಂದು ಸಂತ ಪೌಲರು ಕೊಲೊಸ್ಸೆಯವರಿಗೆ ಬರೆದ ಮಾತೇ ಆ ಪತ್ರದ ಆರಂಭ. ಪ್ರಭುವಿನ ಬಲಿಯಲ್ಲಿ ಕೊರತೆಯಿದೆಯೆಂದು ಇದರ ಅರ್ಥವಲ್ಲ. ನಮ್ಮ ನೋವಿಗೂ ಅದರಲ್ಲಿ ಜಾಗವಿದೆ, ಪ್ರೀತಿಯಿಂದ ಒಪ್ಪಿಸಿದ್ದು ವ್ಯರ್ಥವಾಗದು ಎಂದು ಅರ್ಥ. ಪತ್ರದ ಕೊನೆಗೆ ಬರುವುದು ಒಳ್ಳೆಯ ಸಮಾರಿಯದವನ ಸಾಮತಿ. ನಮ್ಮ ನೋವಿನಿಂದ ಪರರಿಗೆ ಒಳಿತಾಗಲಿ, ನೋಯುವವರಿಗೆ ನಮ್ಮಿಂದ ಒಳಿತಾಗಲಿ ಎಂಬ ಎರಡು ಪಾಠಗಳನ್ನೂ ಅವರು ಒಟ್ಟಿಗೆ ಇಡುತ್ತಾರೆ. ಒಂದನ್ನು ಬಿಟ್ಟು ಇನ್ನೊಂದಿಲ್ಲ.

ಬರೆದದ್ದನ್ನು ಅವರು ಕೊನೆಗೆ ದೇಹದಿಂದಲೇ ಓದಿ ತೋರಿಸಬೇಕಾಯಿತು. ಪಾರ್ಕಿನ್ಸನ್ ಕಾಯಿಲೆ ವರ್ಷಾನುಗಟ್ಟಲೆ ಅವರನ್ನು ಬಗ್ಗಿಸಿತು. 2005ರ ಶುಭ ಶುಕ್ರವಾರ ಶಿಲುಬೆ ಹಾದಿಗೆ ಹೋಗಲಾರದೆ, ತಮ್ಮ ಪ್ರಾರ್ಥನಾಲಯದಲ್ಲಿ ಕುಳಿತು ಟೆಲಿವಿಷನ್ ಮೂಲಕ ಅದರಲ್ಲಿ ಭಾಗಿಯಾದರು. ಎರಡು ದಿನ ಕಳೆದು ಪಾಸ್ಖ ಹಬ್ಬದಂದು ಕಿಟಕಿಗೆ ಬಂದರು. ಮಾತನಾಡಲು ಯತ್ನಿಸಿದರು, ದನಿ ಹೊರಡಲಿಲ್ಲ. ಕೈಯೆತ್ತಿ ಶಿಲುಬೆಯ ಗುರುತು ಹಾಕಿ ಆಶೀರ್ವದಿಸಿದರು. ಏಪ್ರಿಲ್ 2ರಂದು ತೀರಿಕೊಂಡರು. 2014ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಸಾರಿತು. ಲೋಕವನ್ನೆಲ್ಲ ಸುತ್ತಿ ಮಾತನಾಡಿದ ಮಹಾನುಭಾವರ ಕೊನೆಯ ಪಾಸ್ಖ ಪ್ರಬೋಧನೆ ಮೌನವೇ ಆಗಿತ್ತು.

ಒಂದು ಎಚ್ಚರಿಕೆ

ಇಲ್ಲಿ ನಾವು ನಮ್ಮ ಮೇಲೆಯೇ ಒಂದು ತಪ್ಪನ್ನು ಹೊರಿಸಿಕೊಳ್ಳಬೇಕಾಗಿದೆ. ಕುಡಿದು ಬಂದ ಗಂಡನಿಂದ ಏಟು ತಿಂದು ಅಳುತ್ತ ಬಂದ ಹೆಣ್ಣುಮಗಳೊಬ್ಬಳಿಗೆ, "ನಿನ್ನ ಶಿಲುಬೆಯನ್ನು ತಾಳ್ಮೆಯಿಂದ ಹೊರು" ಎಂದು ಹಿಂದೊಮ್ಮೆ ಬುದ್ಧಿ ಹೇಳಿ ಕಳುಹಿಸಿದ್ದೆವು. ಅದು ತಪ್ಪು. ತಡೆಯಬಹುದಾದ ನೋವನ್ನು ತಡೆಯದೆ ಅದಕ್ಕೆ ಶಿಲುಬೆಯೆಂದು ಹೆಸರಿಡುವುದು ಶಿಲುಬೆಗೇ ಅಪಚಾರ. ಆಕೆಗೆ ಬೇಕಾಗಿದ್ದುದು ರಕ್ಷಣೆ, ಆತನಿಗೆ ಬೇಕಾಗಿದ್ದುದು ಚಿಕಿತ್ಸೆ ಮತ್ತು ಗದರಿಕೆ. ಔಷಧ ತೆಗೆದುಕೊಳ್ಳುವುದು, ನೋವುಶಾಮಕ ಬಳಸುವುದು, ಮನಸ್ಸು ಕುಸಿದಾಗ ಮನೋವೈದ್ಯರನ್ನು ಕಾಣುವುದು, ಇವು ಯಾವುವೂ ವಿಶ್ವಾಸದ ಕೊರತೆಯಲ್ಲ. ಯೇಸುಸಭೆಯ ಫಾದರ್ ಅಗಸ್ಟಸ್ ಮುಲ್ಲರ್ ಜರ್ಮನಿಯಿಂದ ಬಂದು 1880ರಲ್ಲಿ ಮಂಗಳೂರಿನಲ್ಲಿ ಹೋಮಿಯೋಪಥಿ ಔಷಧಾಲಯ ತೆರೆದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯಧಾಮ ಕಟ್ಟಿದರು. ಸಹಿಸಿಕೊಳ್ಳಿರೆಂದಷ್ಟೇ ಉಪದೇಶಿಸಿ ಅವರು ಕೈಕಟ್ಟಿ ಕುಳಿತಿದ್ದರೆ ಇಂದಿನ ಆ ದೊಡ್ಡ ಆಸ್ಪತ್ರೆ ಇರುತ್ತಿರಲಿಲ್ಲ. ನೀಗಬಹುದಾದ ನೋವನ್ನು ನೀಗಬೇಕು. ನೀಗಲಾರದ್ದನ್ನು ಪ್ರಭುವಿನ ಜೊತೆ ಹೊರಬೇಕು.

ಇನ್ನೊಂದು ಮಾತು. ಗುರುಗಳು ಮನೆಗೆ ಬಂದರೆ ರೋಗಿ ಹೆದರಿಯಾನು, ಕೊನೆಗಾಲ ಬಂತೆಂದುಕೊಂಡಾನು ಎಂದು ನಮ್ಮ ಅನೇಕ ಕುಟುಂಬಗಳು ಉಸಿರು ನಿಲ್ಲುವ ತನಕ ನಮಗೆ ಹೇಳಿಕಳುಹಿಸುವುದಿಲ್ಲ. ಹಿಂದೆ ಅಂತ್ಯ ಅಭ್ಯಂಗವೆಂದು ಕರೆಯುತ್ತಿದ್ದ ಸಂಸ್ಕಾರವನ್ನು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಷ್ಟು ಹಿಂದೆಯೇ ಅಸ್ವಸ್ಥರ ಅಭ್ಯಂಗವೆಂದು ಕರೆಯುವುದು ಲೇಸೆಂದಿತು. ಅದು ಸಾಯುವವರಿಗೆ ಮಾತ್ರ ಮೀಸಲಾದುದಲ್ಲ. ಗಂಭೀರ ಕಾಯಿಲೆಯಾದಾಗ, ದೊಡ್ಡ ಶಸ್ತ್ರಚಿಕಿತ್ಸೆಗೆ ಮುಂಚೆ, ಮುಪ್ಪಿನಲ್ಲಿ ಶಕ್ತಿಗುಂದಿದಾಗ ಅದನ್ನು ಕೇಳಿ ಪಡೆಯಿರಿ. ರೋಗಿಗೆ ಪ್ರಜ್ಞೆಯಿರುವಾಗಲೇ, ಮನೆಮಂದಿಯೆಲ್ಲ ಸುತ್ತ ನಿಂತು ಪ್ರಾರ್ಥಿಸುವಾಗಲೇ ಅದರ ಸಾಂತ್ವನ ಹೆಚ್ಚು.

ಪೂಜೆಯ ಬಳಿಕ ಬಂದು ಪ್ರಶ್ನೆ ಕೇಳಿದವರಿಗೆ ನಾವು ಹೆಚ್ಚೇನೂ ಹೇಳಲಿಲ್ಲ. "ನೀವು ಮಾಡಿದ ಪಾಪದಿಂದ ಇದು ಬಂದದ್ದಲ್ಲ. ಇಷ್ಟನ್ನು ಮಾತ್ರ ನಾನು ಖಚಿತವಾಗಿ ಬಲ್ಲೆ" ಎಂದೆವು. ಅವರು ಅತ್ತರು. ಅಂದಿನಿಂದ ನಮ್ಮ ಕುಟುಂಬ ಪ್ರಾರ್ಥನಾ ಕೂಟದ ಇಬ್ಬರು ಸರದಿಯಂತೆ ವಾರಕ್ಕೆರಡು ಮಧ್ಯಾಹ್ನ ಆ ಮನೆಗೆ ಹೋಗುತ್ತಾರೆ. ಅಷ್ಟು ಹೊತ್ತು ಆತ ನಿದ್ದೆ ಮಾಡುತ್ತಾರೆ. ಆ ಮಹಾತಾಯಿಗೆ ಮಾತು ಸ್ಪಷ್ಟವಿಲ್ಲ. ಆದರೂ ಒಂದು ಕೈಯಲ್ಲಿ ಜಪಸರ ಹಿಡಿದು, ಯಾರಿಗಾಗಿ ಪ್ರಾರ್ಥಿಸಬೇಕೆಂದು ಬಂದವರನ್ನು ಸನ್ನೆಯಿಂದ ಕೇಳುತ್ತಾರೆ. ಪರೀಕ್ಷೆ ಬರೆಯುವ ಮಕ್ಕಳ ಹೆಸರು, ಕೆಲಸ ಹುಡುಕುವವರ ಹೆಸರು ಈಗ ಆ ಹಾಸಿಗೆಯ ಬಳಿಗೆ ಹೋಗುತ್ತಿವೆ.

ತಟ್ಟೆಯ ಕಥೆಗೂ ಒಂದು ಮುಂದುವರಿಕೆಯಿದೆ. ಹಲವು ವರ್ಷಗಳ ಮೇಲೆ ನಾವು ಆ ಹಳೆಯ ಧರ್ಮಕೇಂದ್ರದ ಹಬ್ಬಕ್ಕೆ ಹೋದಾಗ ಆ ತಾಯಿ ಗುರುತು ಹಿಡಿದು ಮಾತನಾಡಿಸಿದಳು. ಕೂದಲು ನರೆತಿತ್ತು. ಕೇಳುವ ಧೈರ್ಯ ನಮಗಿರಲಿಲ್ಲ. ಆಕೆಯೇ ಹೇಳಿದಳು: "ಆ ತಟ್ಟೆ ಈಗಲೂ ಇದೆ ಫಾದರ್. ಕಾಫಿ ಕೊಯ್ಲಿಗೆ ಬರುವ ಆಳುಗಳ ಮಕ್ಕಳು ಮಧ್ಯಾಹ್ನ ನಮ್ಮಲ್ಲಿ ಉಣ್ಣುತ್ತಾರೆ. ಯಾರು ಮೊದಲು ಬರುತ್ತಾರೋ ಅವರಿಗೆ ಆ ತಟ್ಟೆ." ಸ್ವಲ್ಪ ತಡೆದು ಮತ್ತೆ ಅಂದಳು: "ಅವನನ್ನು ಯಾಕೆ ಕರಕೊಂಡ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅಲ್ಲಿಗೆ ಹೋದ ಮೇಲೆ ಕೇಳುತ್ತೇನೆ."

ಕೇಳಲಿ. ದೇವರು ಆ ಪ್ರಶ್ನೆಗೆ ಬೇಸರಿಸನು. ಅಷ್ಟರ ತನಕ, ಬಂಧುಗಳೇ, ನಮ್ಮ ನೆರೆಯಲ್ಲಿ ಒಲೆ ಉರಿಯದ ಮನೆ ಯಾವುದೆಂದು ಗಮನಿಸೋಣ. ಹೋಗಿ ಸುಮ್ಮನೆ ಕುಳಿತುಕೊಳ್ಳೋಣ. ನಮ್ಮ ಹಾಸಿಗೆಯ ಪಕ್ಕದಲ್ಲಿ ಸದಾ ಕುಳಿತಿರುವ ಪ್ರಭು ಅದಕ್ಕೆ ಬೇಕಾದ ತಾಳ್ಮೆಯನ್ನು ನಮಗೆಲ್ಲರಿಗೂ ಅನುಗ್ರಹಿಸಲಿ.